ಮಾಸೂಮಾ ಬೇಡವೆಂದ ಕಪ್

ನನ್ನ ಮಗಳು ಮಾಸೂಮಾ ಮಾತಿಗೆ ನಿಂತರೆ ಎನ್.ಆರ್. ಪುರದ ಸಂತೆಯೇ ಸುಮ್ಮನಾಗಬೇಕು. ಹೆತ್ತವನ ಬಡಾಯಿ ಅಂದುಕೊಳ್ಳಿ, ಅಡ್ಡಿಯಿಲ್ಲ. ಛತ್ರಿ, ಟಾರ್ಚು ಮಾರುವ ಈ ಜಮಾಲನಿಗೆ ಬಡಾಯಿ ಕೊಚ್ಚಲು ಬೇರೇನಿದೆ?

ಎಂಬತ್ತಮೂರನೇ ಇಸವಿಯಲ್ಲಿ ಅವಳ ಪಿಯುಸಿ ಮುಗಿಯಿತು. ನಮ್ಮ ಮನೆಯಲ್ಲಿ ಅಣ್ಣ ಅಬ್ದುಲ್ ಅಜೀಜ್ ಹೇಳಿದ್ದೇ ಕೊನೆ. ನಾನಂತೂ ಅವನೆದುರು ಕೂತವನೇ ಅಲ್ಲ, ನಿಂತೇ ಮಾತಾಡುವವನು. ಹೆಣ್ಣುಮಗುವಿಗೆ ಇಷ್ಟು ಓದು ಸಾಕು ಎಂದ. ಇವಳು ಬಿಡದೆ ಕಾಡಿದಾಗ, "ಕೊಪ್ಪದ ಚರ್ಚಾಸ್ಪರ್ಧೆ ಕಪ್ ತಗಂಡು ಬಾ, ಬಾಳಗಡಿ ಡಿಗ್ರಿ ಕಾಲೇಜಿಗೆ ಕಳಿಸ್ತೀನಿ" ಎಂದು ನಕ್ಕ. ತರಲಾರಳು ಎಂಬ ಧೈರ್ಯ ಅವನಿಗೆ.

ಆ ಸ್ಪರ್ಧೆ ನಡೆಸುತ್ತಿದ್ದ ಗೆಳೆಯರ ಸಂಘದ್ದೊಂದು ಪದ್ಧತಿ. ಯಾರು ಪರ, ಯಾರು ವಿರೋಧ ಎನ್ನುವುದನ್ನು ಚೀಟಿ ಎತ್ತಿಸಿ ನಿರ್ಧರಿಸುವುದು. ತೀರ್ಪುಗಾರರು ಇಬ್ಬರೂ ಸಮ ಎಂದರೆ, ಸಭಿಕರ ಚಪ್ಪಾಳೆ ಯಾರಿಗೆ ಜೋರೋ ಅವರಿಗೆ ಕಪ್. ಆ ವರ್ಷದ ವಿಷಯ 'ಜನ ಒಪ್ಪಿದ್ದೇ ನ್ಯಾಯ'. ಮಾಸೂಮಾಳ ಚೀಟಿಯಲ್ಲಿ ಪರ ಎಂದಿತ್ತು. ವಿರೋಧಕ್ಕೆ ಶೃಂಗೇರಿಯ ವಿದ್ಯಾಶಂಕರ, ಮಠದ ಪಂಡಿತರ ಮನೆಯ ಹುಡುಗ.

"ಅಜ್ಜಿ ಕಾಲದ ಪಾಪ ಮೊಮ್ಮಗಳ ಕಾಲಕ್ಕೆ ಪಾಪವೇ ಅಲ್ಲ. ಅಂದಮೇಲೆ ಸರಿ ತಪ್ಪು ಎಲ್ಲಿಂದ ಬಂತು? ನಾವು ನೀವು ಒಪ್ಪಿದ್ದರಿಂದ ಬಂತು" ಎಂದಳು ನನ್ನ ಮಗಳು. ಸಭೆ ತಲೆದೂಗಿತು. ಕಪ್ ಆಗಲೇ ನಮ್ಮ ಮನೆ ಸೇರಿತು ಎಂದುಕೊಂಡೆ.

ವಿದ್ಯಾಶಂಕರ ಎದ್ದ. ಲೋಕವೆಲ್ಲ ಒಪ್ಪಿದರೂ ಅನ್ಯಾಯ ಅನ್ಯಾಯವೇ ಎಂದು ಚೆನ್ನಾಗಿಯೇ ಶುರು ಮಾಡಿದ. ನಡುವೆ 'ಪರಂಪರೆ' ಎನ್ನುವಲ್ಲಿ ನಾಲಿಗೆ ತೊಡರಿ, ಪ, ಪ, ಪ ಎಂದು ನಿಂತುಬಿಟ್ಟ. ಹಿಂದಿನ ಬೆಂಚಿನಲ್ಲಿ ಹುಟ್ಟಿದ ನಗು ಮುಂದಿನ ಕುರ್ಚಿಗಳ ತನಕ ಬಂತು. ತೀರ್ಪುಗಾರರೂ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ನಗು ನಿಲ್ಲುವಷ್ಟರಲ್ಲಿ ಅವನ ಸಮಯ ಮುಗಿದು ಗಂಟೆ ಹೊಡೆಯಿತು. ಅವನು ಆಡಿದ ಅರ್ಧ ಮಾತಿನ ತೂಕಕ್ಕೇ ಇಬ್ಬರೂ ಸಮ ಎಂಬ ತೀರ್ಪು ಬಂತು. ಚಪ್ಪಾಳೆ ಮಾತ್ರ ಮಾಸೂಮಾಳಿಗೆ ಸುರಿಯಿತು.

ಕಪ್ ಇಸಿದುಕೊಂಡವಳು ಮತ್ತೆ ಮೈಕಿನ ಮುಂದೆ ಬಂದಳು.

"ಈಗಷ್ಟೇ ಸಭೆಯೆಲ್ಲ ಒಂದಾಗಿ ನಕ್ಕಿತು. ಯಾರೂ ಬೇಡ ಅನ್ನಲಿಲ್ಲ. ನನ್ನ ವಾದ ನಿಜ ಆದ್ರೆ ಆ ನಗುವೂ ನ್ಯಾಯ. ಅದು ನ್ಯಾಯ ಅಲ್ಲ ಅಂತ ನನಗೆ ಗೊತ್ತು, ನಿಮಗೂ ಗೊತ್ತು. ಹಂಗಾಗಿ ನನ್ನ ವಾದವೇ ಸುಳ್ಳು. ಗೆದ್ದಿದ್ದು ಅವರು."

ಕಪ್ಪನ್ನು ವಿದ್ಯಾಶಂಕರನ ಮುಂದಿಟ್ಟು ಕೆಳಗಿಳಿದಳು. ಅವನು ಎದ್ದು ನಿಂತು ಅವಳಿಗೆ ಕೈಮುಗಿದ. ಸಭೆಯಲ್ಲಿ ಯಾರೊಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಬಸ್ಸಿನಲ್ಲಿ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಕೊಟ್ಟು ಬಂದ್ಯಲ್ಲ ಮಾರಾಯ್ತಿ, ಇನ್ನು ನಿನ್ನ ಕಾಲೇಜು?"

"ಗೊತ್ತಿದ್ದೇ ಕೊಟ್ಟೆ ಅಬ್ಬಾ" ಎಂದಳು. ಕಣ್ಣು ತುಂಬಿತ್ತು, ದನಿ ನಡುಗಲಿಲ್ಲ. ನನ್ನ ಸಿಟ್ಟು ಅಲ್ಲೇ ಇಳಿಯಿತು. ಇಂಥವಳು ನನ್ನ ಮಗಳು ಎಂದು ಬಸ್ಸಿನಲ್ಲಿದ್ದವರಿಗೆಲ್ಲ ಹೇಳಬೇಕೆನ್ನಿಸಿ, ಪಕ್ಕದಲ್ಲಿದ್ದ ಮುದುಕರಿಗೆ ಹೇಳಿಯೂ ಬಿಟ್ಟೆ.

ಮನೆಯಲ್ಲಿ ಅಣ್ಣ ಕೇಳಿದ ಮೊದಲ ಮಾತೇ ಕಪ್ಪಿನದು. ನಡೆದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

"ಒಳ್ಳೇ ಕೆಲಸವೇ ಮಾಡಿದಾಳೆ. ಆದ್ರೆ ಮಾತು ಅಂದ್ರೆ ಮಾತು. ಕಪ್ ಬಂದಿಲ್ಲ, ಓದು ಇಲ್ಲಿಗೆ ಸಾಕು."

ನಮ್ಮಮ್ಮ ರಹಮತ್ ಬೀ ಹೌದೆಂದು ತಲೆಯಾಡಿಸಿದಳು. ನನ್ನ ಹೆಂಡತಿ ಬದರುನ್ನೀಸಾ ಕೂಡ ಸೆರಗು ಸರಿಮಾಡಿಕೊಂಡು, ಭಾವ ಹೇಳಿದ ಮೇಲೆ ಆಯಿತಲ್ಲ ಎಂದಳು. ಮಾಸೂಮಾ ಯಾರನ್ನೂ ನೋಡದೆ ಗೋಡೆಗೊರಗಿ ನಿಂತಿದ್ದಳು.

ನಾನು ಕುರ್ಚಿ ಎಳೆದು ಅಣ್ಣನ ಎದುರಿಗೇ ಕೂತೆ. ಅವನೆದುರು ಹಾಗೆ ಕೂತದ್ದು ಅದೇ ಮೊದಲು.

"ಸೋಮವಾರ ನಾನೇ ಬಾಳಗಡಿಗೆ ಹೋಗಿ ಇವಳ ಹೆಸರು ಬರೆಸಿ ಬರ್ತೀನಿ ಭಾಯ್. ನೀವೆಲ್ಲ ಒಪ್ಪಿದ್ರೆ ನಂಗೆ ಸಂತೋಷ. ಒಪ್ಪದೇ ಇದ್ರೂ ಬರೆಸ್ತೀನಿ."