ಬರೆ ಹಾಕುವ ಕೈ

ಬೀರಸಿದ್ದಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಕೈ ಮುಂದು, ಬುದ್ಧಿ ಹಿಂದು. ಬೇನೆ ಬಿಡಿಸಲೆಂದು ಕುರಿಗೆ, ದನಕ್ಕೆ, ಕೈಕೂಸಿಗೂ ಕಾದ ಕಬ್ಬಿಣದ ಬರೆ ಹಾಕುವುದರಲ್ಲಿ ಈ ಮುದಿ ಕುರುಬ ಕೌಜಲಗಿಗೆಲ್ಲ ಹೆಸರುವಾಸಿ. ಅಂಥವನು ೨೦೦೩ರಲ್ಲಿ, ಅನ್ನಪೂರ್ಣಾ ಟೀಚರ್ ಕೇಳಿದರೆಂದು, ಹೊರೆ ಹೊರುವ ತನ್ನ ಕುದುರೆಯನ್ನು ಪ್ರತಿ ಶುಕ್ರವಾರ ಮೂಡಲಗಿಯ ವಿಶೇಷ ಮಕ್ಕಳ ಶಾಲೆಗೆ, ಮಕ್ಕಳನ್ನು ಕೂರಿಸಿ ನಡೆಸಲು, ಪುಕ್ಕಟೆ ಕರೆತರತೊಡಗಿದ.

ಅಲ್ಲಿದ್ದ ಮಾಲಿಂಗನಿಗೆ ಎಂಟು ವರ್ಷ. ಮಾತಿಲ್ಲ, ಕಾಲುಗಳು ಹುಟ್ಟಿನಿಂದ ಕತ್ತರಿಯಂತೆ ಬಿಗಿದುಕೊಂಡಿದ್ದವು. ಕುದುರೆಯ ಬೆನ್ನ ಮೇಲೆ ಮಾತ್ರ ಅವು ಸಡಿಲಾಗುತ್ತಿದ್ದವು. ಮೂರು ತಿಂಗಳಿಗೆ ಹುಡುಗ ಗೋಡೆ ಹಿಡಿದು ನಿಂತ. ಅವನನ್ನು ನಡೆಸಿಯೇ ತೀರಬೇಕೆಂಬುದು ಮುದುಕನ ಹಟವಾಯಿತು. ಹೆತ್ತ ಮಕ್ಕಳಿಗೂ ಅವನು ಇಷ್ಟು ಮರುಗಿದವನಲ್ಲ.

ಆ ಶುಕ್ರವಾರ ಕುದುರೆಯ ಮೇಲೆ ಕೂರಿಸಿದ್ದೇ ತಡ, ಮಾಲಿಂಗ ಕಿರುಚಿದ. ಕುದುರೆ ಬೆದರಿ ಹಾರಿತು. ಅನ್ನಪೂರ್ಣಾ ಹುಡುಗನನ್ನು ಎಳೆದುಕೊಂಡರು. ಹಗ್ಗ ಬಿಡದ ಬೀರಸಿದ್ದಪ್ಪನನ್ನು ಅದು ಅಂಗಳದ ತುಂಬ ದರದರ ಎಳೆದಾಡಿತು. ಮೊಣಕಾಲು ಕಿತ್ತು ರಕ್ತ ಸೋರುತ್ತಿದ್ದರೂ ಎದ್ದು ಬಂದು ನೋಡಿದ. ಹುಡುಗನ ಎರಡೂ ತೊಡೆಯ ಒಳಗೆ ಹಸಿ ಬರೆಗಳು, ಚರ್ಮ ಸುಲಿದಿತ್ತು.

“ಯಾವಾಂವ ಹಾಕ್ಯಾನ ಇದನ್ನ?”

“ನಾನ ಹಾಕೇನ್ರಿ, ಕಾಕಾ,” ಎಂದ ಹುಡುಗನ ತಂದೆ ವೀರಪ್ಪ. “ಕುದುರಿ ಅರ್ಧಾ ಬಿಗಿ ಬಿಡಿಸೈತಿ. ಉಳದದ್ದು ಬರಿ ಹಾಕಿದ್ರ ಬಿಡ್ತೈತಿ ಅನ್ಕೊಂಡ್ನಿ.”

ಮುದುಕನ ಪಿತ್ತ ನೆತ್ತಿಗೇರಿತು. ಕೈಯಲ್ಲಿದ್ದ ಹಗ್ಗದ ತುದಿಯಿಂದಲೇ ಮುಖ, ಬೆನ್ನು ನೋಡದೆ ಬಾರಿಸಿದ. ವೀರಪ್ಪನ ತುಟಿ ಸೀಳಿತು. ಬಿದ್ದವನ ಬಾಯಿಗೆ ಒದ್ದಾಗ ಹಲ್ಲೊಂದು ಮಣ್ಣಿಗೆ ಬಿತ್ತು. ಅನ್ನಪೂರ್ಣಾ ರಟ್ಟೆ ಹಿಡಿದು ಎಳೆದರೂ ಬಿಡಲಿಲ್ಲ. ಅವರ ಸೆರಗಿನ ಮರೆಯಿಂದ ಮಾಲಿಂಗ ಎಲ್ಲವನ್ನೂ ನೋಡುತ್ತಿದ್ದ.

ವೀರಪ್ಪ ಕೈ ಎತ್ತಲಿಲ್ಲ. ರಕ್ತ ಉಗುಳಿ ಹೇಳಿದ: “ಹೊಡೀರಿ. ಕಬ್ಬಿಣ ಎಷ್ಟ ಕೆಂಪಾಗಬೇಕು ಅಂತ ಹೋದ ವಾರ ನಿಮ್ಮನ್ನ ಕೇಳಿದ್ನಲ್ರಿ. ಹೇಳಿ ಕೊಟ್ಟ್ರಿ. ಯಾರಿಗೆ ಅಂತ ನೀವು ಕೇಳಲಿಲ್ಲ.”

ಎತ್ತಿದ ಕೈ ಹಾಗೇ ನಿಂತಿತು. ಕೇಳಿರಲಿಲ್ಲ, ಖರೆ. ಎಷ್ಟು ಕೂಸುಗಳು ತನ್ನ ಕೈಯಡಿ ಹೀಗೇ ಕಿರುಚಿದ್ದವೋ ಲೆಕ್ಕವಿಟ್ಟವರಾರು? ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಗಾಯ ಮಾಯಲು ತಿಂಗಳು ಹಿಡಿಯಿತು. ಮತ್ತೆ ಬಂದ ದಿನ ಮಾಲಿಂಗ ಕುದುರೆಯತ್ತ ಕೈ ಚಾಚಿದ. ಬೀರಸಿದ್ದಪ್ಪ ಎತ್ತಿಕೊಳ್ಳಲು ಬಾಗಿದ್ದೇ ಹುಡುಗನ ಕಾಲುಗಳು ಒಂದಕ್ಕೊಂದು ಬಿಗಿದುಕೊಂಡವು, ಆ ಕೈ ನೋಡಿ ಅವನು ಅನ್ನಪೂರ್ಣಾರ ಸೆರಗಿಗೆ ಮುಖ ಒತ್ತಿದ. ಮುದುಕ ಹಿಂದೆ ಸರಿದ. ಹಗ್ಗವನ್ನು ವೀರಪ್ಪನ ಕೈಗೆ ಕೊಟ್ಟ.

“ಸಾವಕಾಶ ನಡಸಪಾ,” ಎಂದು ಗೇಟು ದಾಟಿ ಹೊರಗೆ ಹೋದ.

ಗೋಡೆಯ ಆಚೆ ಕುದುರೆ ಹೆಜ್ಜೆ ಹಾಕುವುದು ಕೇಳಿಸಿತು. ಹುಡುಗ ಕಿರುಚಲಿಲ್ಲ. ಬೀರಸಿದ್ದಪ್ಪ ಅಲ್ಲೇ ರಸ್ತೆಯ ಮೇಲೆ ಕುಳಿತು ಅತ್ತ.