ನನ್ನದೇನೂ ಇಲ್ಲ

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನನಗೂ ಮುದ್ದೇ. ಆದರೆ ಹೆಗ್ಗಣವನ್ನು ಹೆಗ್ಗಣವೆಂದು ಗುರುತಿಸುವಷ್ಟು ಕಣ್ಣು ನನಗಿನ್ನೂ ಇದೆ. ಆ ಕಣ್ಣಿಗೆ ಕನ್ನಡಕ ಮಾಡಿಕೊಟ್ಟವನೂ ನನ್ನ ಮಗನೇ.

ಅವನಿಗೆ ಪೇಟೆಬೀದಿಯ ತಿರುವಿನಲ್ಲಿ ಕನ್ನಡಕದ ಅಂಗಡಿಯಿದೆ. ಕೆಲಸದಲ್ಲಿ ನಿಪುಣ. ವಯಸ್ಸಾದವರು ಬಂದರೆ ಮೂಗಿನ ಮೇಲೆ ಫ್ರೇಮು ಒತ್ತಿದ ಗುರುತು ನೋಡಿ, ಅವರು ಕೇಳುವ ಮೊದಲೇ ಸಡಿಲಿಸಿ ಕೊಡುತ್ತಾನೆ. ಇಂಥದ್ದನ್ನೆಲ್ಲ ನಾನು ಕಂಡು ಮನಸ್ಸಿನಲ್ಲೇ ಅವನ ಹೆಸರಿಗೆ ಜಮಾ ಮಾಡಿಕೊಳ್ಳುತ್ತೇನೆ. ಮನೆಗೆ ಬಂದು ಬಾಯಿ ತೆರೆದನೆಂದರೆ ಜಮಾ ಆದದ್ದೆಲ್ಲ ಒಂದೇ ಏಟಿಗೆ ಖರ್ಚು.

ಅವನ ಬಾಯಲ್ಲಿ ಒಂದು ಮಾತಿದೆ: “ನನ್ನದೇನೂ ಇಲ್ಲ.” ಕೇಳುವುದಕ್ಕೆ ಸನ್ಯಾಸಿಯ ಮಾತು. ಆದರೆ ಅದರ ಬಾಲಕ್ಕೆ ಯಾವಾಗಲೂ ಒಂದು ‘ಆದ್ರೆ’ ಕಟ್ಟಿರುತ್ತದೆ, ಆ ‘ಆದ್ರೆ’ ಊರಗಲ ಇರುತ್ತದೆ. ಕಿಟಕಿಗೆ ಪರದೆ ತರುವಾಗ, “ನನ್ನದೇನೂ ಇಲ್ಲ, ಯಾವ ಬಣ್ಣ ಆದ್ರೂ ಸರಿ” ಎಂದಿದ್ದ. ಇವತ್ತು ನಮ್ಮ ಮನೆಯಲ್ಲಿ ಹದಿನಾಲ್ಕು ಪರದೆಗಳಿವೆ, ಎಲ್ಲವೂ ಅವನಿಗೆ ಇಷ್ಟವಾದ ನೀಲಿ.

ಸೊಸೆಯ ಕೆಲಸ ಪರೀಕ್ಷಾಲಯದಲ್ಲಿ ರಕ್ತ ತೆಗೆಯುವುದು. ಚಿಕ್ಕ ಮಕ್ಕಳು ಬಂದರೆ ತನ್ನ ಕೈ ತಣ್ಣಗಿರಬಾರದೆಂದು ಮೊದಲು ಅಂಗೈ ಉಜ್ಜಿಕೊಂಡು ಬಿಸಿಮಾಡಿಕೊಳ್ಳುತ್ತಾಳೆ. ವರ್ಷಗಟ್ಟಲೆ ಬೇರೆಯವರ ರಕ್ತವನ್ನು ಕೊಳವೆಯಲ್ಲಿ ತುಂಬಿ ಕಳಿಸಿದ ಮೇಲೆ, ಅದರಲ್ಲಿ ಏನಿದೆ ಎಂದು ಹೇಳುವವಳು ತಾನೇ ಯಾಕಾಗಬಾರದು ಎಂದು ಅವಳಿಗೆ ಅನಿಸಿತು. ಮೂವತ್ನಾಲ್ಕರ ವಯಸ್ಸಿನಲ್ಲಿ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತಳು. ನೆಂಟರು ನಕ್ಕರು. ಅವಳು ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ನೆಂಟರು, “ನಮಗೆ ಮೊದಲೇ ಗೊತ್ತಿತ್ತು” ಎಂದರು. ನೆಂಟರಿಗೆ ಎಲ್ಲವೂ ಮೊದಲೇ ಗೊತ್ತಿರುತ್ತದೆ, ಆಮೇಲೆ.

ಎರಡು ವೈದ್ಯಕೀಯ ಕಾಲೇಜುಗಳಲ್ಲಿ ಅವಳಿಗೆ ಸೀಟು ಸಿಕ್ಕಿತು. ಒಂದು ಹತ್ತಿರದ್ದು, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಗಾಜಿನ ಕಟ್ಟಡ, ಎದುರಿಗೆ ಕಾರಂಜಿ. ಇನ್ನೊಂದು ದೂರದ್ದು, ರೈಲಿನಲ್ಲಿ ಇಡೀ ದಿನದ ಪ್ರಯಾಣ. ಅದರ ಆಸ್ಪತ್ರೆ ಹಳೆಯದು, ಗೋಡೆಯ ಸುಣ್ಣ ಉದುರಿದೆ, ಆದರೆ ರೋಗಿಗಳ ಸಾಲು ಗೇಟು ದಾಟಿ ರಸ್ತೆಗೆ ಬರುತ್ತದಂತೆ. ಅಲ್ಲಿ ಹಾಸ್ಟೆಲಿನಲ್ಲೇ ಇರಬೇಕು. ಯಾವುದೆಂದು ಸೋಮವಾರದೊಳಗೆ ತಿಳಿಸಬೇಕಿತ್ತು.

“ನನ್ನದೇನೂ ಇಲ್ಲ,” ಎಂದ ಮಗ ಊಟದ ಹೊತ್ತಿನಲ್ಲಿ. “ನಿಂಗೆಲ್ಲಿ ಇಷ್ಟಾನೋ ಅಲ್ಲಿ ಸೇರ್ಕೋ. ನಾನು ಹೇಗೋ ಇರ್ತೀನಿ.”

“ಹೇಗೋ ಅಂದ್ರೆ ಹೇಗೆ?” ಎಂದೆ.

“ಹೇಗೋ ಅಂದ್ರೆ ಹೇಗೋ, ಅಮ್ಮಾ. ಆದ್ರೆ ನಾನು ಅಂಗಡಿ ಬಿಟ್ಟು ಹೋಗೋಕಾಗಲ್ಲ. ಆಮೇಲೆ ಆ ಊರಿನ ನೀರು ಗಡಸಂತೆ, ಇವಳ ಕೂದಲು ಉದುರುತ್ತೆ. ಆಮೇಲೆ ನಿಂಗೂ ವಯಸ್ಸಾಯ್ತು.”

“ನನ್ನ ವಯಸ್ಸನ್ನ ಯಾಕೋ ಮಧ್ಯ ಎಳೀತೀಯಾ? ಅದು ಅದರ ಪಾಡಿಗೆ ಆಗ್ತಾ ಇದೆ.”

“ನಾನೇನು ಬೇಡ ಅಂದ್ನಾ? ನನ್ನದೇನೂ ಇಲ್ಲ ಅಂತ ತಾನೇ ಹೇಳಿದ್ದು?”

ಸೊಸೆ ತಟ್ಟೆ ನೋಡುತ್ತ ಕೂತಿದ್ದಳು. ಅವನ ಲೋಟ ಖಾಲಿಯಾದದ್ದು ಕಂಡು, ತಲೆಯೆತ್ತದೆಯೇ ನೀರು ತುಂಬಿಸಿದಳು.

ಅವನು ಹೇಳದೆ ಬಿಟ್ಟದ್ದು ಒಂದಿತ್ತು. ಅದು ನಮ್ಮ ಮೂವರಿಗೂ ಗೊತ್ತು. ಅವನಿಗೆ ಸಕ್ಕರೆ ಕಾಯಿಲೆ. ಪ್ರತಿದಿನ ಬೆಳಿಗ್ಗೆ ಹೊಟ್ಟೆಗೆ ಇನ್ಸುಲಿನ್ ಸೂಜಿ ಬೀಳಬೇಕು. ಹಾಕುವವಳು ಸೊಸೆ. ನಲವತ್ತು ದಾಟಿದ ಗಂಡಸು ಅಂಗಿ ಎತ್ತಿಕೊಂಡು, ಮುಖವನ್ನು ಗೋಡೆಯತ್ತ ತಿರುಗಿಸಿ, “ಹೇಳ್ಬಿಟ್ಟು ಚುಚ್ಚು, ಹೇಳ್ಬಿಟ್ಟು ಚುಚ್ಚು” ಎಂದು ಗೋಗರೆಯುತ್ತಾನೆ. “ಈಗ ಚುಚ್ತೀನಿ ನೋಡಿ” ಎಂದು ಅವಳು ಹೇಳುವ ಹೊತ್ತಿಗೆ ಚುಚ್ಚಿ ಆಗಿರುತ್ತದೆ. ಊರವರ ಕಣ್ಣಿಗೆಲ್ಲ ದೀಪ ಬಿಟ್ಟು ನೋಡುವ ಮನುಷ್ಯ ಆಗ ತನ್ನ ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡಿರುತ್ತಾನೆ. ನಾನು ಹಾಕೋಣವೆಂದರೆ ನನ್ನ ಕೈ ನಡುಗುತ್ತದೆ. ತಾನೇ ಹಾಕಿಕೊಳ್ಳಲು ಅವನಿಗೆ ಭಯ, ಭಯವೆಂದು ಹೇಳಿಕೊಳ್ಳಲು ಮಾನ ಅಡ್ಡ. ಆದ್ದರಿಂದ ಗಡಸು ನೀರು, ಹೆಂಡತಿಯ ಕೂದಲು, ತಾಯಿಯ ವಯಸ್ಸು.

ಈ ಚರ್ಚೆಗೆ ತಲೆಯ ಮೇಲಿನಿಂದಲೂ ಒಬ್ಬರು ಇಳಿದು ಬಂದರು. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ನಿವೃತ್ತ ಟಿಕೆಟ್ ತಪಾಸಣೆಯವರು. ಒಂಟಿ ಜೀವ. ಕೆಳಗೆ ನಾವು ತೀರ್ಮಾನಿಸಿದ್ದನ್ನೆಲ್ಲ ಮತ್ತೊಮ್ಮೆ ತೀರ್ಮಾನಿಸಿ ಕೊಡುವುದರಿಂದ ಅವರಿಗೆ ನಾನಿಟ್ಟ ಹೆಸರು ‘ಮೇಲ್ಮನೆ’.

“ಹತ್ತಿರದ ಕಾಲೇಜಾ? ಕಣ್ಮುಚ್ಚಿ ಸೇರಿಸಿ, ಅಕ್ಕಾ,” ಎಂದರು ಮೇಲ್ಮನೆ. “ಅವರ ಆಸ್ಪತ್ರೇಲಿ ನಾನು ಮೂರು ಸಲ ಮಲಗಿದೀನಿ. ಏನು ಹಾಸಿಗೆ! ಏನು ಹೊದಿಕೆ! ಹೊತ್ತಿಗೆ ಸರಿಯಾಗಿ ಊಟ. ಸೂಜಿ ಇಲ್ಲ, ಮಾತ್ರೆ ಇಲ್ಲ, ಯಾರೂ ಬಂದು ಪೀಡಿಸಲ್ಲ.”

“ಸೂಜಿ ಇಲ್ವಾ?” ಎಂದ ಮಗ, ಭಕ್ತಿಯಿಂದ.

“ನಿಮಗೇನಾಗಿತ್ತು?” ಎಂದು ಸೊಸೆ ಕೇಳಿದಳು.

“ಅದೇನಮ್ಮಾ... ವಯಸ್ಸಾದ್ಮೇಲೆ ಏನಾದ್ರೂ ಒಂದು ಇದ್ದೇ ಇರುತ್ತಲ್ಲ.” ಅವರು ಎದ್ದು ಹೊರಟೇಬಿಟ್ಟರು.

“ಕೇಳಿದ್ಯಾ? ಅನುಭವಸ್ಥರ ಮಾತು,” ಎಂದ ಮಗ. “ನನ್ನದೇನೂ ಇಲ್ಲ. ಆದ್ರೆ ಒಂದ್ಸಲ ಹೋಗಿ ನೋಡ್ಕೊಂಡು ಬರೋಣ.”

ಗುರುವಾರ ಅಂಗಡಿಗೆ ರಜೆ. ಮೂವರೂ ಹೋದೆವು. ಕಾರಂಜಿ ಚಿಮ್ಮುತ್ತಿತ್ತು. ಕಾವಲುಗಾರ ನನ್ನ ನಡಿಗೆ ಕಂಡು, ಮೆಟ್ಟಿಲಿಲ್ಲದ ಇಳಿಜಾರಿನ ಬಾಗಿಲು ತೆರೆದುಕೊಟ್ಟ. ಆ ಸಂಸ್ಥೆಯಲ್ಲಿ ಅವತ್ತು ನಾನು ಕಂಡ ಮೊದಲ ವೈದ್ಯಕೀಯ ಸೇವೆ ಅದೇ. ಟೈ ಕಟ್ಟಿದ ಅಧಿಕಾರಿಯೊಬ್ಬ ಓಡಿಬಂದ. ಹಲ್ಲುಗಳು ಬಹಳ ಬೆಳ್ಳಗಿದ್ದವು, ಎಲ್ಲವನ್ನೂ ತೋರಿಸಿದ.

“ಇವತ್ತು ಮೇಲಿನಿಂದ ತನಿಖಾ ತಂಡ ಬರೋದಿದೆ, ಸ್ವಲ್ಪ ಬೇಗ ನೋಡ್ಬಿಡಿ,” ಎಂದ. ಗ್ರಂಥಾಲಯದಲ್ಲಿ ಪುಸ್ತಕಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹರಿದಿರಲಿಲ್ಲ. “ಮಕ್ಕಳು ಬಹಳ ಜೋಪಾನ,” ಎಂದ. ಶಸ್ತ್ರಚಿಕಿತ್ಸೆಯ ಕೋಣೆಗೆ ಬೀಗ. “ಸೋಂಕು ತಗುಲಬಾರದಲ್ಲ,” ಎಂದ. ಸುಳ್ಳಿಗೆ ಇಷ್ಟು ಚೆನ್ನಾಗಿ ಇಸ್ತ್ರಿ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಮಗ ಮಾತ್ರ ಎಲ್ಲದಕ್ಕೂ ತಲೆಯಾಡಿಸುತ್ತ, “ಗಾಳಿ ಬೆಳಕು ಚೆನ್ನಾಗಿದೆ” ಎನ್ನುತ್ತಿದ್ದ, ಮನೆ ಬಾಡಿಗೆಗೆ ಹಿಡಿಯಲು ಬಂದವನಂತೆ.

ಕೊನೆಗೆ ವಾರ್ಡು. ಎರಡು ಸಾಲು ಹಾಸಿಗೆ, ಒಂದೂ ಖಾಲಿಯಿಲ್ಲ. ಎಲ್ಲರೂ ತಲೆ ಬಾಚಿಕೊಂಡ ರೋಗಿಗಳು. ಒಬ್ಬರೂ ನರಳುವುದಿಲ್ಲ, ಕೆಮ್ಮುವುದಿಲ್ಲ. ಆಸ್ಪತ್ರೆಯ ವಾಸನೆಯೂ ಇಲ್ಲ. ಹೊಸ ಬಣ್ಣದ ವಾಸನೆ. ಸೊಸೆ ಮುಖಗಳನ್ನು ನೋಡಲೇ ಇಲ್ಲ. ವೃತ್ತಿಯ ಚಾಳಿ, ಅವಳ ಕಣ್ಣು ನೇರವಾಗಿ ಹೋದದ್ದು ಮೊಣಕೈಯ ಒಳಮಡಿಕೆಗಳಿಗೆ. ಯಾರ ಕೈಯಲ್ಲೂ ಒಂದು ಚುಚ್ಚಿದ ಗುರುತಿಲ್ಲ.

ಮೂಲೆಯ ಹಾಸಿಗೆಯ ಹತ್ತಿರ ನಿಂತು ಅಧಿಕಾರಿ ದನಿ ತಗ್ಗಿಸಿದ. “ಇದು ನಮ್ಮ ಅತಿ ಕಠಿಣ ಕೇಸು. ಸೊಂಟದಿಂದ ಕೆಳಗೆ ಸ್ವಾಧೀನವೇ ಇಲ್ಲ. ಆರು ತಿಂಗಳಿಂದ ಮಲಗಿದಲ್ಲೇ ಇದ್ದಾರೆ.”

ಗಲ್ಲದವರೆಗೆ ಹೊದ್ದುಕೊಂಡಿದ್ದ ಆ ಕಠಿಣ ಕೇಸಿನ ಮೂಗಿನ ಮೇಲಿದ್ದ ಕನ್ನಡಕ ನನ್ನ ಮಗನ ಅಂಗಡಿಯದು. ಮೇಲ್ಮನೆ!

ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಅವರು ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡರು. ಅಲ್ಲಿಗೆ ಮುಗಿದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲವೇನೋ. ನೆರೆಯವರ ಮಾನ ಕಾಯುವುದೂ ಒಂದು ಧರ್ಮ. ಆದರೆ ಅಷ್ಟು ಹೊತ್ತು ನಡೆದು ನನ್ನ ಮಂಡಿ ಸೋತಿತ್ತು. ಮಂಚದ ಸರಳು ಹಿಡಿದುಕೊಂಡು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದೆ. ಮೇಲ್ಮನೆಯವರಿಗೆ ಅದು ಕಂಡಿತು.

“ಅಯ್ಯೋ ಅಕ್ಕಾ, ನಿಂತೇ ಇದೀರಲ್ಲ!” ಎಂದು ಹೊದಿಕೆ ಒದ್ದು, ಮಂಚದಿಂದ ಧುಮುಕಿ, ಸರಸರನೆ ವಾರ್ಡಿನ ಆ ತುದಿಗೆ ಹೋಗಿ, ಕುರ್ಚಿಯೊಂದನ್ನು ಎತ್ತಿಕೊಂಡು ಬಂದು ನನ್ನ ಹಿಂದೆ ಇಟ್ಟರು. “ಕೂತ್ಕೊಳ್ಳಿ, ಕೂತ್ಕೊಳ್ಳಿ.”

ನಾನು ಕೂತೆ. ವಾರ್ಡಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಸೊಸೆ ಅಧಿಕಾರಿಯತ್ತ ತಿರುಗಿದಳು. “ಸ್ವಾಧೀನ ಬಂತಲ್ಲ, ಸಾರ್. ಯಾವ ಔಷಧಿ ಕೊಟ್ರಿ?”

ಮೊದಲ ಸಲ ಅವನ ಹಲ್ಲುಗಳು ಒಳಗೆ ಹೋದವು.

ಮೇಲ್ಮನೆಯವರು ನಮ್ಮ ಜೊತೆಯಲ್ಲೇ ಬಸ್ಸು ಹತ್ತಿದರು, ಆಸ್ಪತ್ರೆಯ ಅಂಗಿಯಲ್ಲೇ. ತನಿಖೆಯ ದಿನ ಹಾಸಿಗೆ ತುಂಬಿಸಲು ವ್ಯಾನು ಬಂದು ಕರೆದೊಯ್ಯುತ್ತದಂತೆ. ಮಲಗಿದ್ದರೆ ಸಾಕಂತೆ, ಊಟ ಕೊಡುತ್ತಾರಂತೆ. ಜೀವಮಾನವಿಡೀ ಟಿಕೆಟ್ ಇಲ್ಲದವರನ್ನು ಹಿಡಿದು ಇಳಿಸಿದ ಮನುಷ್ಯ, ಕಾಯಿಲೆಯೇ ಇಲ್ಲದೆ ಹಾಸಿಗೆ ಹತ್ತಿದ್ದರು. ನಾಲ್ಕು ಚುಚ್ಚುಮಾತು ಆಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಹೇಳಿದರು: “ಅಲ್ಲೊಬ್ಬ ನರ್ಸಮ್ಮ ಇದಾಳೆ, ಅಕ್ಕಾ. ‘ತಾತಾ, ನಿದ್ದೆ ಬಂತಾ?’ ಅಂತ ಕೇಳ್ತಾಳೆ. ಕೇಳೋರು ಯಾರಿದಾರೆ ನಂಗೆ?” ನಾನು ಬಾಯಿ ಮುಚ್ಚಿಕೊಂಡೆ.

ನನ್ನ ಮಗ ಮುಚ್ಚಿಕೊಳ್ಳಲಿಲ್ಲ.

“ಏನೇ ಆದ್ರೂ ಹತ್ತಿರ ಇದೆ,” ಎಂದ. “ಡಿಗ್ರಿ ಡಿಗ್ರೀನೇ. ಗೋಡೆಗೆ ಹಾಕೋವಾಗ ಯಾರು ಕೇಳ್ತಾರೆ? ನನ್ನದೇನೂ ಇಲ್ಲ, ಆದ್ರೆ...”

“ಅಲ್ಲಿ ನಾನು ಯಾರನ್ನ ನೋಡಿ ಕಲೀಲಿ?” ಎಂದಳು ಸೊಸೆ. “ಇವರನ್ನಾ?”

“ನಾನು ದಿನಾ ಬರ್ತೀನಮ್ಮಾ,” ಎಂದರು ಮೇಲ್ಮನೆ, ನಿಜವಾದ ಅಕ್ಕರೆಯಿಂದ.

ಅವತ್ತು ಸಂಜೆ ಸೊಸೆ ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು, ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತ ಹೇಳಿದಳು: “ಅತ್ತೆ, ಹತ್ತಿರದ್ದೇ ಸೇರ್ಕೋತೀನಿ. ಪುಸ್ತಕ ಇದೆಯಲ್ಲ, ಹೇಗೋ ಓದ್ಕೋತೀನಿ. ಬೆಳಿಗ್ಗೆ ಇವರಿಗೆ ಸೂಜಿ ಯಾರು ಹಾಕ್ತಾರೆ?”

ನನಗೆ ಸಿಟ್ಟು ಬರುವುದು ಅಪರೂಪ. ಬಂದರೆ ದನಿ ಇನ್ನಷ್ಟು ಮೆತ್ತಗಾಗುತ್ತದೆ. ಗುಣವಾಗುತ್ತದೆಂದು ನಂಬಿ ಮುಂದೆ ಇವಳೆದುರು ಕೈ ಚಾಚಿ ಕೂರುವವರು ಎಷ್ಟು ಜನವೋ. ಅವರಿಗೆಲ್ಲ ಅರೆಬೆಂದ ಡಾಕ್ಟರು ಸಿಗಬೇಕು, ಯಾಕೆಂದರೆ ಒಬ್ಬ ಗಂಡಸಿಗೆ ತನ್ನ ಹೊಟ್ಟೆಯನ್ನು ತಾನು ನೋಡಿಕೊಳ್ಳಲು ಧೈರ್ಯವಿಲ್ಲ!

“ನಾಳೆ ಒಂದು ಬುಟ್ಟಿ ಕಿತ್ತಳೆ ಹಣ್ಣು ತಾ,” ಎಂದೆ. “ಲ್ಯಾಬಿಂದ ಖಾಲಿ ಸಿರಿಂಜುಗಳನ್ನೂ.”

ಮರುದಿನ ಸಂಜೆ ಅಂಗಡಿಯಿಂದ ಬಂದವನ ಮುಂದೆ ಬುಟ್ಟಿ ಇಟ್ಟೆ.

“ಏನಮ್ಮಾ ಇದು? ನಂಗೆ ಹಣ್ಣು ಜಾಸ್ತಿ ತಿನ್ನೋ ಹಾಗಿಲ್ಲ.”

“ತಿನ್ನೋಕಲ್ಲ, ಚುಚ್ಚೋಕೆ. ನರ್ಸುಗಳು ಮೊದಲು ಕಲಿಯೋದೇ ಹೀಗಂತೆ. ಸಿರಿಂಜಲ್ಲಿ ನೀರಿದೆ.”

“ಯಾಕೆ?”

“ನಿನ್ನದೇನೂ ಇಲ್ಲ ಅಂದ್ಯಲ್ಲಪ್ಪಾ. ನೀನು ಹೇಳಿದ್ದನ್ನೇ ನಂಬಿದೀನಿ. ಇವಳು ದೂರದ ಕಾಲೇಜಿಗೆ ಹೋಗ್ತಾಳೆ. ನೀನು ಚುಚ್ಚು.”

ಮಗ ಹೆಂಡತಿಯ ಮುಖ ನೋಡಿದ. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಕೈ ಮುಂದೆ ಬಂದರೆ ಸಹಾಯಕ್ಕೆ ಹೋಗಿಬಿಡುತ್ತದೆಂದು ಅವಳಿಗೇ ಭಯ.

“ಗಡಸು ನೀರು...” ಎಂದ.

“ಗಡಸು ನೀರಿಗೆ ಸೂಜಿ ಬೇಡ. ಹಣ್ಣು ತಗೋ.”

ಮೊದಲನೆಯದು ಮೇಜುಬಟ್ಟೆಗೆ ಹೋಯಿತು. ಎರಡನೆಯ ಸಲ ಕಣ್ಣು ಮುಚ್ಚಿ ಚುಚ್ಚಿದ. ಹಣ್ಣು ಉರುಳಿ ಮೇಲ್ಮನೆಯವರ ಕಾಲ ಬಳಿ ನಿಂತಿತು. ಅವರು ಅದಾಗಲೇ ಇಳಿದು ಬಂದಿದ್ದರು. “ಬೇಕಿದ್ರೆ ನನಗೆ ಚುಚ್ಚಿ ಕಲೀಲಿ, ಅಕ್ಕಾ. ನಾನು ನುರಿತ ರೋಗಿ,” ಎಂದರು. “ನೀವು ಸುಮ್ನೆ ಕೂತ್ಕೊಳ್ಳಿ. ನಿದ್ದೆ ಬಂತಾ ರಾತ್ರಿ?” ಎಂದು ಕೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಹಣ್ಣು ಉರುಳದಂತೆ ಹಿಡಿದುಕೊಳ್ಳುವ ಕೆಲಸವನ್ನು ತಾವೇ ವಹಿಸಿಕೊಂಡರು.

ಭಾನುವಾರ ಬೆಳಿಗ್ಗೆ ನಿಜವಾದ ಸೂಜಿ. ಸೊಸೆ ಔಷಧಿಯ ಅಳತೆ ತೋರಿಸಿಕೊಟ್ಟು ಹಿಂದೆ ಸರಿದಳು. ಮಗ ಅಂಗಿ ಎತ್ತಿದ. ಅಭ್ಯಾಸಬಲದಿಂದ ಮುಖ ಗೋಡೆಯ ಕಡೆ ತಿರುಗಿತು. ಹಾಗೆ ತಿರುಗಿದರೆ ಚುಚ್ಚುವ ಜಾಗ ಕಾಣುವುದಿಲ್ಲವೆಂಬ ಸತ್ಯ ಆಗ ಅವನಿಗೆ ಹೊಳೆಯಿತು.

“ನಂಗೆ ಭಯ ಆಗತ್ತೆ ಕಣೇ,” ಎಂದ.

‘ಆದ್ರೆ’ ಬರಲಿಲ್ಲ. ಅವನು ಬಾಲವಿಲ್ಲದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಗೊತ್ತು ರೀ,” ಎಂದಳು ಸೊಸೆ. “ಹೇಳ್ಬಿಟ್ಟು ಚುಚ್ಕೊಳ್ಳಿ.”

“ಈಗ ಚುಚ್ತೀನಿ ನೋಡು,” ಎಂದು ತನಗೆ ತಾನೇ ಹೇಳಿಕೊಂಡು ಚುಚ್ಚಿಕೊಂಡ. ಆಮೇಲೆ ಮೇಲ್ಮನೆಯವರು ಬಾಗಿಲಿಗೆ ಓಡಿಬರುವಷ್ಟು ಜೋರಾಗಿ ಕಿರುಚಿದ. ನೋವಿಗಲ್ಲ, ನೋವು ಆಗಲಿಲ್ಲವೆಂಬ ಆಶ್ಚರ್ಯಕ್ಕೆ.

ಸೋಮವಾರ ಸೊಸೆ ದೂರದ ಕಾಲೇಜಿಗೆ ಒಪ್ಪಿಗೆ ಕಳಿಸಿದಳು. ಅದೇ ವಾರ ಅವಳು ಹೊರಡುವವರೆಗೂ ಮಗ ಅಂಗಡಿಗೆ ಬಂದವರಿಗೆಲ್ಲ, “ಸೂಜಿ ಏನು ಮಹಾ? ಮನಸ್ಸು ಗಟ್ಟಿ ಇರ್ಬೇಕು” ಎಂದು ಉಪದೇಶ ಮಾಡಿದ. “ಓದೋಕೆ ನಾನೇ ಕಳಿಸ್ತಿದೀನಿ” ಎಂದೂ ಸೇರಿಸಿದನಂತೆ. ಹೆಗ್ಗಣ.

ಹೊರಡುವ ದಿನ ಅವಳ ಚೀಲಕ್ಕೆ ಹಣ್ಣು ತುಂಬುತ್ತಿದ್ದವನನ್ನು ಬಾಗಿಲ ಮರೆಯಿಂದ ನೋಡಿದೆ. ಬುಟ್ಟಿಯಲ್ಲಿ ಚುಚ್ಚಿದವೂ ಚುಚ್ಚದವೂ ಬೆರೆತುಹೋಗಿದ್ದವು. ಅವನು ಅಂಗಡಿಯ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಒಂದೊಂದೇ ಹಣ್ಣನ್ನು ಕಿಟಕಿಯ ಬೆಳಕಿಗೆ ಹಿಡಿದು, ಸುತ್ತಲೂ ತಿರುಗಿಸಿ, ಎಲ್ಲೂ ತೂತಿಲ್ಲವೆಂದು ಖಾತ್ರಿಯಾದ ಮೇಲೆ ಮಾತ್ರ ಅವಳ ಚೀಲಕ್ಕೆ ಹಾಕುತ್ತಿದ್ದ. ಜಮಾ ಮಾಡಿಕೊಂಡೆ.

ತೂತು ಬಿದ್ದವನ್ನು ನಾನೂ ಮೇಲ್ಮನೆಯವರೂ ತಿಂದು ಮುಗಿಸಿದೆವು. ರುಚಿ ನೀರು ನೀರು. ನನ್ನದೇನೂ ಇಲ್ಲ.