ಪೂರ್ವಪಕ್ಷದವಳು

ಗೇರುಬೀಜ ಒಡೆಯುವವರ ಕೈಯ ಕಪ್ಪು ತೊಳೆದರೆ ಹೋಗುವುದಿಲ್ಲ. ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ, ಸುಟ್ಟದ್ದು ಕಪ್ಪಾಗಿ ಹಾಗೇ ಉಳಿಯುತ್ತದೆ. ಪಡೀಲಿನ ದೇಯಿ ಅಂಥ ಕೈಯಲ್ಲೇ ದುಡಿದು ಮಗಳು ನಿರೀಕ್ಷಾಳನ್ನು ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿಸಿದಳು. ಮದುವೆಯೂಟಕ್ಕೆ ಕೂತರೆ ಆ ಕೈ ನೋಡಿ ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ. ಮಗಳು ಡಾಕ್ಟರ್ ಎಂದು ಗೊತ್ತಾದರೆ ಅವರೇ ಹತ್ತಿರ ಬಂದು ಮಂಡಿನೋವಿಗೆ ಮದ್ದು ಕೇಳುತ್ತಾರೆ.

ಆ ಡಾಕ್ಟರು ಗುಡ್ಡದ ಮೇಲಿನ ಖಾಸಗಿ ತತ್ವಶಾಸ್ತ್ರ ಸಂಸ್ಥೆಯಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಚಾ ಕೊಟ್ಟು ಉಪಚರಿಸುತ್ತಾರೆಂದು ತಿಳಿಯಬೇಡಿ. ರಜೆಯಲ್ಲಿ ಸಂಬಳಕ್ಕೆ ಮಾತ್ರ ರಜೆ, ಕೆಲಸಕ್ಕಲ್ಲ. ಅವಳ ಗೈಡ್ ಆಗಿದ್ದ ವಾದಿರಾಜ ಸರ್ ಪುಸ್ತಕಕ್ಕೆ ಅಧ್ಯಾಯ ಬರೆದುಕೊಡಬೇಕು. ಅವರ ಮಗಳನ್ನು ಭರತನಾಟ್ಯ ಕ್ಲಾಸಿಗೆ ಬಿಟ್ಟು ಬರಬೇಕು. ಕೆಲಸ ಹುಡುಕುವ ವಿದ್ಯಾರ್ಥಿಗಳಿಗೆ ಸಂದರ್ಶನದ ತರಬೇತಿ ಕೊಡಬೇಕು. ಅವಳ ಕೈಯಲ್ಲಿ ತಯಾರಾದವರು ಊರೂರಿನಲ್ಲಿ ಲೆಕ್ಚರರ್ ಆದರು. ಅವಳು ಇದ್ದಲ್ಲೇ ಇದ್ದಳು.

ಸಂಸ್ಥೆಯಲ್ಲಿ ಪ್ರತಿ ಶನಿವಾರ ವಾದಸಭೆ. ಅದಕ್ಕೊಂದು ಹಳೆಯ ಕ್ರಮವಿದೆ. ಮೊದಲು ಒಬ್ಬರು ಎದ್ದು ಎದುರಾಳಿಯ ವಾದವನ್ನು ತನ್ನದೇ ಎಂಬಷ್ಟು ಗಟ್ಟಿಯಾಗಿ ಹೇಳಬೇಕು. ಅದು ಪೂರ್ವಪಕ್ಷ. ಆಮೇಲೆ ಇನ್ನೊಬ್ಬರು ಅದನ್ನು ಮುರಿದು, ಉತ್ತರ ಹೇಳಿ ಗೆಲ್ಲಬೇಕು. ಪೂರ್ವಪಕ್ಷ ಯಾವಾಗಲೂ ನಿರೀಕ್ಷಾಳ ಪಾಲಿಗೆ. ಉತ್ತರ ದೀಕ್ಷಿತನ ಪಾಲಿಗೆ. ಅವನು ಸಂಸ್ಥೆಯ ಅಧ್ಯಕ್ಷರ ತಂಗಿಯ ಮಗ. ಅವನ ಉತ್ತರವನ್ನು ಬರೆದುಕೊಡುವವಳೂ ಇವಳೇ. ತನ್ನನ್ನು ಸೋಲಿಸುವ ಮಾತನ್ನು ತಾನೇ ಬರೆದು, ಸೋತು, ಗೆದ್ದವನಿಗೆ ಚಪ್ಪಾಳೆ ತಟ್ಟಿ ಪಡೀಲಿನ ಬಸ್ಸು ಹಿಡಿಯುತ್ತಿದ್ದಳು.

"ಮಾರಾಯ್ತಿ, ನಿಂಗೆ ಮಂಡೆ ಸಮ ಉಂಟಾ?" ಎಂದು ಅಲ್ಲೇ ಸಂಶೋಧನೆ ಮಾಡುತ್ತಿದ್ದ ಕುದ್ರೋಳಿಯ ನಾಝಿಮಾ ಬೈಯುತ್ತಿದ್ದಳು.

"ಪರ್ಮನೆಂಟ್ ಪೋಸ್ಟ್ ಒಂದು ಬರ್ತದಂತೆ ನಾಝಿಮಾ. ಅದು ನಂಗೇ ಅಂತ ಸರ್ ಹೇಳಿದ್ದಾರೆ."

ಪೋಸ್ಟ್ ಬಂತು. ದೀಕ್ಷಿತನೂ ಅರ್ಜಿ ಹಾಕಿದ. ಸಂದರ್ಶನದ ಹಿಂದಿನ ದಿನ ವಾದಿರಾಜ ಸರ್ ಅವಳನ್ನು ಕೋಣೆಗೆ ಕರೆದರು.

"ನಾಳೆ ನಮ್ಮ ಕ್ರಮ ಬಿಡಬೇಡ ನಿರೀಕ್ಷಾ. ನಿನ್ನ ಕೊರತೆ ಕೇಳಿದ್ರೆ ಅಡಗಿಸ್ಬೇಡ. ಮೊದಲು ಪೂರ್ವಪಕ್ಷ ಪೂರ್ತಿ ಹೇಳು, ಮತ್ತೆ ಉತ್ತರ ಕೊಡು. ಫಿಲಾಸಫಿ ಓದಿದವರ ಲಕ್ಷಣ ಅದು."

ಅವಳು ಅವರ ಕಾಲು ಮುಟ್ಟಿ ನಮಸ್ಕರಿಸಿದಳು.

ಮನೆಯಲ್ಲಿ ದೇಯಿ ಸೀರೆಗೆ ಇಸ್ತ್ರಿ ಹಾಕುತ್ತ ಹೇಳಿದಳು: "ನಿನ್ನ ಬಗ್ಗೆ ಒಳ್ಳೇದು ಮಾತ್ರ ಹೇಳು ಮಗಾ."

"ಹಾಗಲ್ಲ ಅಮ್ಮ. ನಮ್ಮಲ್ಲಿ ಅದಕ್ಕೆ ಒಂದು ಪದ್ಧತಿ ಉಂಟು."

"ಕೆಲಸ ಕೇಳ್ಲಿಕ್ಕೆ ಹೋಗುವವರಿಗೆ ಎಂತ ಪದ್ಧತಿ?"

ಮಗಳು ನಕ್ಕಳು.

ಮರುದಿನ ಅಧ್ಯಕ್ಷರು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮನ್ನು ನಾವು ಯಾಕೆ ತಕ್ಕೊಳ್ಬಾರದು? ಹೇಳಿ ನೋಡುವ."

ನಿರೀಕ್ಷಾಳಿಗೆ ಖುಷಿಯೇ ಆಯಿತು. ಸರ್ ಹೇಳಿಕೊಟ್ಟದ್ದೇ ಬಂದಿತ್ತು.

"ನಾನು ಇಂಗ್ಲಿಷ್ ಕಲಿತದ್ದು ತಡವಾಗಿ, ಮಾತಾಡಿದ್ರೆ ಗೊತ್ತಾಗ್ತದೆ. ನನ್ನ ಹೆಸರಿನಲ್ಲಿ ಒಂದು ಪುಸ್ತಕ ಇಲ್ಲ. ವಾದಸಭೆಯಲ್ಲಿ ಒಮ್ಮೆಯೂ ಗೆದ್ದವಳಲ್ಲ. ಗೇರುಬೀಜ ಒಡೆಯುವವಳ ಮಗಳು ಪಾಠ ಮಾಡಿದ್ರೆ ದೊಡ್ಡ ಮನೆಯ ಮಕ್ಕಳು ಕೇಳ್ಲಿಕ್ಕಿಲ್ಲ."

ಧ್ವನಿ ಎಲ್ಲೂ ನಡುಗಲಿಲ್ಲ. ಕ್ರಮ ತಪ್ಪದ ಹಾಗೆ ತನ್ನನ್ನು ತಾನೇ ನೆಲಕ್ಕೆ ಕೆಡವಿ, ಏಳುವುದಕ್ಕೆ ಉಸಿರು ತೆಗೆದುಕೊಂಡಳು.

"ಇದು ಪೂರ್ವಪಕ್ಷ. ಇನ್ನು ಉತ್ತರ..."

"ಸಾಕಮ್ಮ."

"ಸರ್, ಉತ್ತರ ಹೇಳ್ಲಿಲ್ಲ ಇನ್ನೂ."

"ನೀವೇ ಎಲ್ಲ ಒಪ್ಪಿಕೊಂಡಾಯ್ತಲ್ಲ. ನೆಕ್ಸ್ಟ್ ಯಾರು, ಕಳಿಸಿ."

ಅವಳು ಅಧ್ಯಕ್ಷರ ಪಕ್ಕದಲ್ಲಿ ಕೂತಿದ್ದ ವಾದಿರಾಜ ಸರ್ ಮುಖ ನೋಡಿದಳು. ಸರ್ ಚಾದಲ್ಲಿ ಬಿಸ್ಕೆಟ್ ಅದ್ದುತ್ತಿದ್ದರು.

ಕೆಲಸ ದೀಕ್ಷಿತನಿಗಾಯಿತು. ಸುದ್ದಿ ಕೇಳಿದ ದೇಯಿ ಇಸ್ತ್ರಿ ಮಾಡಿದ ಸೀರೆಯನ್ನು ಮಡಚಿ ಕಪಾಟಿನಲ್ಲಿಟ್ಟು ಫ್ಯಾಕ್ಟರಿಗೆ ಹೋದಳು. ಅಷ್ಟರಲ್ಲಿ ನಿರೀಕ್ಷಾಳಿಗೆ ಸರ್ ಫೋನ್ ಬಂತು.

"ಬೇಜಾರು ಮಾಡ್ಬೇಡ ಆಯ್ತಾ. ಶನಿವಾರ ದೀಕ್ಷಿತನಿಗೆ ಸನ್ಮಾನ ಉಂಟು, ಗೆಸ್ಟ್ ಬರ್ತಾರೆ. ವಾದದ ವಿಷಯ ಅರ್ಹತೆ. ಪೂರ್ವಪಕ್ಷ ನೀನೇ. ಅವನ ಉತ್ತರ ಬೇಗ ಬರೆದು ಕಳಿಸು."

ಇಂಥವರಿಗೆ ನಾಚಿಕೆಯನ್ನು ಯಾವ ಅಂಗಡಿಯಿಂದ ತಂದುಕೊಡುವುದು? ಆ ರಾತ್ರಿ ಅವಳು ಅತ್ತಳು. ಉತ್ತರ ಮಾತ್ರ ಬರೆಯಲಿಲ್ಲ.

ಶನಿವಾರ ಸಭೆ ತುಂಬಿತ್ತು. ನಿರೀಕ್ಷಾ ಎದ್ದಳು.

"ಪೂರ್ವಪಕ್ಷ ಇಷ್ಟೇ. ಈ ಸಂಸ್ಥೆಯಲ್ಲಿ ಅರ್ಹರಿಗೇ ಕೆಲಸ ಸಿಗ್ತದೆ. ಇದನ್ನು ಗಟ್ಟಿ ಮಾಡುವ ಕಾರಣ ಹುಡುಕಿದೆ, ಒಂದೂ ಸಿಗ್ಲಿಲ್ಲ. ಉತ್ತರ ದೀಕ್ಷಿತ್ ಹೇಳ್ಲಿ."

ದೀಕ್ಷಿತ್ ಶಾಲು ಸರಿಮಾಡಿಕೊಂಡು ಎದ್ದ. ತಗ್ಗಿದ ದನಿಯಲ್ಲಿ, "ನೀನು ಕಳಿಸ್ಲೇ ಇಲ್ವಲ್ಲ," ಎಂದ. ಎದುರಿಗಿದ್ದ ಮೈಕು ಅದನ್ನು ಇಡೀ ಸಭೆಗೆ ಕೇಳಿಸಿತು.

"ಹಾಗಾದ್ರೆ ನಾನೇ ಹೇಳ್ತೇನೆ. ಅವತ್ತಿನದ್ದು ಬಾಕಿ ಉಂಟು. ನನ್ನ ಹೆಸರಿನಲ್ಲಿ ಪುಸ್ತಕ ಇಲ್ಲ, ಯಾಕೆಂದ್ರೆ ನಾನು ಬರೆದದ್ದು ವಾದಿರಾಜ ಸರ್ ಹೆಸರಿನಲ್ಲಿ ಉಂಟು. ನಾನು ಸಭೆಯಲ್ಲಿ ಗೆಲ್ಲಲಿಲ್ಲ, ಯಾಕೆಂದ್ರೆ ದೀಕ್ಷಿತನ ಬಾಯಿಂದ ಬಂದ ಮಾತೂ ನಂದೇ. ದೊಡ್ಡ ಮನೆಯ ಮಕ್ಕಳು ನನ್ನ ಪಾಠ ಕೇಳಿದ್ದಾರೆ. ಕೇಳಿಯೇ ಕೆಲಸ ತಕ್ಕೊಂಡಿದ್ದಾರೆ. ಈಗ ಹೇಳಿ, ಅರ್ಹತೆ ಯಾರಿಗೆ ಇಲ್ಲ?"

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಅಧ್ಯಕ್ಷರು.

"ಭೇಷ್! ನೋಡಿ, ನಮ್ಮ ಸಂಸ್ಥೆ ಎಂಥ ಮಕ್ಕಳನ್ನು ತಯಾರು ಮಾಡ್ತದೆ! ವಾದ ಅಂದ್ರೆ ಹೀಗೆ ನಿಜದ ಹಾಗೆ ಇರ್ಬೇಕು!"

ಅತಿಥಿಗಳು ತಟ್ಟಿದರು. ಸಭೆ ತಟ್ಟಿತು. ವಾದಿರಾಜ ಸರ್ ಹೋದ ಜೀವ ಬಂದವರಂತೆ ನಕ್ಕು, ತಾವೂ ತಟ್ಟಿ, ಕೂತುಕೋ ಎಂದು ಕೈಸನ್ನೆ ಮಾಡಿದರು.

"ಚಪ್ಪಾಳೆ ನಿಲ್ಲಿಸಿ ಸರ್. ಇದು ವಾದದ ಅಭ್ಯಾಸ ಅಲ್ಲ, ನಿಜ."

ಚಪ್ಪಾಳೆ ಜೋರಾಯಿತು. ಯಾರೋ ಮೈಕು ಬಂದ್ ಮಾಡಿದರು.

ಆಗ ಹಿಂದಿನ ಬೆಂಚಿನಿಂದ ನಾಝಿಮಾ ಎದ್ದು ನಿಂತಳು. ಅವಳ ಪಕ್ಕ ಕೂತಿದ್ದ ಸಂಶೋಧನಾ ವಿದ್ಯಾರ್ಥಿ ಗೇವಿನ್ ಎದ್ದ. ತರಬೇತಿಗೆ ಬರುತ್ತಿದ್ದ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಎದ್ದರು.

"ಅವಳು ಕೇಳಿದ್ದಕ್ಕೆ ಉತ್ತರ ಕೊಡಿ ಸರ್," ಎಂದಳು ನಾಝಿಮಾ.

ಚಪ್ಪಾಳೆ ನಿಂತಿತು. ವೇದಿಕೆಯ ಮೇಲಿದ್ದ ಅಷ್ಟು ಜನ ಪಂಡಿತರು ಉತ್ತರಕ್ಕೆ ದೀಕ್ಷಿತನ ಕಡೆ ತಿರುಗಿದರು. ನಿರೀಕ್ಷಾ ಕೂರಲಿಲ್ಲ.